ಕೊನೆಯ ನಾಲ್ಕು ಪುಟ

ರಗಳೆ ಶುರುವಾದದ್ದು ನಾಲ್ಕು ಖಾಲಿ ಪುಟಗಳಿಂದ. ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ಒಂದು ಫಾರಂ ಎಂದರೆ ಹದಿನಾರು ಪುಟ. ಹೊಸ ವಾಷಿಂಗ್ ಮಷೀನಿನ ಕೈಪಿಡಿ ಎಷ್ಟು ಎಳೆದರೂ ಇಪ್ಪತ್ತೆಂಟು ಪುಟಕ್ಕೆ ಮುಗಿದುಹೋಯಿತು. ಎರಡು ಫಾರಂ ತುಂಬಲು ಇನ್ನೂ ನಾಲ್ಕು ಪುಟ ಬೇಕು. ಅಂಥ ಪುಟಗಳ ನೆತ್ತಿಗೆ ‘ಟಿಪ್ಪಣಿ’ ಎಂದು ಹಾಕಿ, ಕೆಳಗೆ ಗೆರೆ ಎಳೆದು ಬಿಟ್ಟುಬಿಡುವುದು ಕಂಪನಿಯ ವಾಡಿಕೆ. ಈ ಸಲ ಕೈಪಿಡಿ ಬರೆಯುವವನು ಗೆರೆ ಎಳೆಯಲಿಲ್ಲ. ಅಲ್ಲಿ ತನ್ನದೊಂದು ಕತೆ ಹಾಕಿದ.

ಅವನು ತನ್ನನ್ನು ಸಾಹಿತಿ ಎಂದು ತಿಳಿದುಕೊಂಡಿದ್ದ. ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೂ ‘ಸಾಹಿತಿ’ ಎಂದೇ. ಅವರು ಹಾಗೆ ಕರೆದು ಒಳಗೊಳಗೇ ನಗುತ್ತಿದ್ದರು, ಇವನು ಹಾಗೆ ಕರೆಸಿಕೊಂಡು ಉಬ್ಬುತ್ತಿದ್ದ. ಒಂದೇ ಹೆಸರು ಎರಡೂ ಕಡೆಯವರಿಗೆ ಖುಷಿ ಕೊಡುತ್ತಿತ್ತಾದ್ದರಿಂದ ಅದು ಗಟ್ಟಿಯಾಗಿ ನಿಂತಿತು.

ಹನ್ನೊಂದು ವರ್ಷದಿಂದ ಸಾಹಿತಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮಷೀನುಗಳಿಗೆ ಕೈಪಿಡಿ ಬರೆಯುತ್ತಿದ್ದ. ಅದು ಹೊಟ್ಟೆಪಾಡು, ಬರವಣಿಗೆಯಲ್ಲ ಎಂಬುದು ಅವನ ಖಡಾಖಂಡಿತ ಅಭಿಪ್ರಾಯ. ಬರವಣಿಗೆ ಇದ್ದದ್ದು ಮನೆಯ ಕಪಾಟಿನಲ್ಲಿ, ಚಳಿಗಾಲದ ಹೊದಿಕೆಗಳ ಕೆಳಗೆ, ಮೂವತ್ತಾರು ಕತೆಗಳ ರೂಪದಲ್ಲಿ. ಪತ್ರಿಕೆಗೆ ಕಳಿಸಿದ ಪ್ರತಿಯೊಂದು ಕತೆಯೂ ಮೇಯಲು ಹೋದ ಹಸುವಿನ ಹಾಗೆ ದಾರಿ ತಪ್ಪದೆ ಮನೆಗೆ ಬಂದು ಸೇರಿತ್ತು. ಇದರಿಂದ ಅವನು ತಿಳಿದುಕೊಂಡದ್ದು ಒಂದೇ, ಸಂಪಾದಕರಿಗೆ ಧೈರ್ಯವಿಲ್ಲ. ಒಂದು ಸಲ ಅಚ್ಚಾಗಿಬಿಟ್ಟರೆ ಓದುಗರು ಹುಡುಕಿಕೊಂಡು ಬರುತ್ತಾರೆ ಎಂದು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಈಗ ಹತ್ತು ಸಾವಿರ ಪ್ರತಿ ಅಚ್ಚಾಗಿತ್ತು. ‘ನಿಟ್ಟುಸಿರಿನ ನೆರಳು’ ಎಂಬ ಕತೆ ಪ್ಲಾಸ್ಟಿಕ್ ಚೀಲದೊಳಗೆ, ನೀರಿನ ಪೈಪಿನ ಪಕ್ಕದಲ್ಲಿ ಮಲಗಿ ಮನೆಮನೆಗೂ ಹೊರಟಿತ್ತು. ಹೆಸರು ಹಾಕಿಕೊಳ್ಳುವಷ್ಟು ಎದೆಗಾರಿಕೆ ಮಾತ್ರ ಸಾಹಿತಿಗೆ ಬಂದಿರಲಿಲ್ಲ. ಹತ್ತು ದಿನ ಕಳೆದರೂ ಒಂದು ನರಪಿಳ್ಳೆಯೂ ಕತೆಯ ಸುದ್ದಿ ಎತ್ತಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಅವನು ತಿಂಡಿಯ ತಟ್ಟೆಯ ಮುಂದೆ ಕೂತು, “ಯಾರೂ ಏನೂ ಅನ್ಲಿಲ್ವಲ್ಲೇ” ಎಂದು ಹೆಂಡತಿಯ ಹತ್ತಿರ ಕೊರಗಿದ.

“ಬಟ್ಟೆ ಒಗೆಯೋಕೆ ತಗೊಂಡೋರು ಬಟ್ಟೆ ಒಗೀತಿರ್ತಾರೆ. ನೀವು ಮಾಡಿರೋ ಘನಂದಾರಿ ಕೆಲಸ ಯಾರ ಕಣ್ಣಿಗೂ ಬೀಳದೆ ಇರ್ಲಿ ಅಂತ ನಾನು ಬೇಡ್ಕೋತಿದೀನಿ.”

“ನಿಂಗೆ ಭಯ.”

“ಇರಲ್ವಾ ಮತ್ತೆ? ಈ ಕೆಲಸ ಹೋದ್ರೆ ಸಂಸಾರ ಹೇಗೋ ನಡೆಸ್ಬೋದು. ಆದ್ರೆ ನೀವು ದಿನವಿಡೀ ಮನೇಲಿ ಕೂತು ನಂಗೆ ಕತೆ ಓದಿ ಹೇಳ್ತೀರಲ್ಲ, ಅದನ್ನ ತಡ್ಕೊಳ್ಳೋದು ಹೇಗೆ?”

ಸಾಹಿತಿ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಆಫೀಸಿನ ಬಾಗಿಲಲ್ಲೇ ಫೋನಕ್ಕ ಎದುರಾದಳು. ಗ್ರಾಹಕರ ದೂರುಗಳನ್ನು ಕೇಳಿಸಿಕೊಳ್ಳುವುದು ಆಕೆಯ ಕೆಲಸ. ಇಡೀ ಊರಿನ ಬೈಗುಳವನ್ನು ಒಂದು ಕಿವಿಯಲ್ಲಿ ಕೇಳಿ, ಇನ್ನೊಂದು ಕಿವಿಯಲ್ಲಿ ಆಫೀಸಿನ ಗಾಳಿಸುದ್ದಿಯನ್ನು ಕೇಳುವ ಶಕ್ತಿ ಆಕೆಗಿತ್ತು.

“ಸಾಹಿತಿಗಳೇ, ಏನ್ರೀ ಹಾಕಿದೀರಾ ಕೈಪಿಡಿ ಕೊನೇಲಿ? ಬೆಳಿಗ್ಗೆಯಿಂದ ಇಪ್ಪತ್ತಾರು ಫೋನ್ ಬಂತು. ಎಲ್ಲಾ ಆ ನಾಲ್ಕು ಪುಟದ್ದೇ!”

ಸಾಹಿತಿಯ ಕಾಲು ನೆಲ ಬಿಟ್ಟಿತು. “ಇಪ್ಪತ್ತಾರಾ? ಏನಂದ್ರು?”

“ಏನಂತಾರೆ, ಕೆಂಡ ಆಗಿದಾರೆ.”

ಓದುಗರನ್ನು ಕೆಣಕುವುದೇ ನಿಜವಾದ ಸಾಹಿತ್ಯ ಎಂದು ಅವನು ಬಹಳ ದಿನಗಳಿಂದ ನಂಬಿದ್ದ. “ಕೆಂಡ ಆಗ್ಲಿ ಬಿಡಿ. ಹೆಂಗಸರೋ ಗಂಡಸರೋ? ಕೊನೇಲಿ ಅವಳು ಕಿಟಕಿ ಮುಚ್ಚಿದ್ದು ಯಾಕೆ ಅಂತ ಯಾರಾದ್ರೂ ಕೇಳಿದ್ರಾ?” ಎಂದು ಆಕೆಯ ಹಿಂದೆಯೇ ಮೇಜಿನವರೆಗೂ ಹೋದ.

“ಯಾವ ಕಿಟಕಿ ಮಾರಾಯ್ರೇ? ಅವ್ರೆಲ್ಲ ನಮ್ಮ ಮೆಕ್ಯಾನಿಕ್‌ಗಳು. ಮಷೀನ್ ಜೋಡಿಸೋಕೆ, ರಿಪೇರಿಗೆ ಹೋದಾಗೆಲ್ಲ ತಾರೀಕು, ಬದಲಾಯಿಸಿದ ಪಾರ್ಟು, ಸಹಿ, ಎಲ್ಲಾ ಆ ‘ಟಿಪ್ಪಣಿ’ ಪುಟದಲ್ಲೇ ಬರೀಬೇಕಲ್ಲ. ಬರೆಯೋಕೆ ಜಾಗ ಇಲ್ಲ, ಪೂರ್ತಿ ಯಾವನೋ ಏನೋ ಗೀಚಿದಾನೆ ಅಂತಾರೆ. ಬರಹ ಇಲ್ದಿದ್ರೆ ಗ್ಯಾರಂಟಿ ಇಲ್ಲ. ಗ್ರಾಹಕರು ಮೆಕ್ಯಾನಿಕ್ ಕುತ್ತಿಗೆ ಹಿಡೀತಿದಾರೆ, ಅವ್ರು ನನ್ನ ಕುತ್ತಿಗೆ ಹಿಡೀತಿದಾರೆ.”

“ಅಂದ್ರೆ… ಯಾರೂ ಓದಿಲ್ವಾ?”

“ಓದೋಕೇನಿದೆ ಅದ್ರಲ್ಲಿ? ಅವ್ರಿಗೆ ಬೇಕಾಗಿರೋದು ಖಾಲಿ ಜಾಗ.”

ಕತೆಯನ್ನು ಹಳಿದಿದ್ದರೂ ಸಾಹಿತಿ ಸಹಿಸುತ್ತಿದ್ದ. ಅದು ಬರೆಯುವ ಜಾಗಕ್ಕೆ ಅಡ್ಡ ಬಂತು ಎನ್ನುವ ದೂರನ್ನು ಹೇಗೆ ಸಹಿಸುವುದೆಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಕೋಣೆಯಿಂದ ಕರೆ ಬಂತು.

ಮ್ಯಾನೇಜರ್ ಕೈಪಿಡಿಯನ್ನು ಮೇಜಿನ ಮೇಲೆ ಅಂಗಾತ ಬಿಚ್ಚಿಟ್ಟುಕೊಂಡು ಕೂತಿದ್ದರು. ಎದುರು ಕುರ್ಚಿಯಲ್ಲಿ ಪ್ರೆಸ್ಸಿನ ಮಾಲೀಕ ಬೆವರುತ್ತಿದ್ದ. ಕಂಪನಿಯ ಕೆಲಸ ಕೈತಪ್ಪಿದರೆ ಅವನ ಪ್ರೆಸ್ಸಿಗೆ ಬೀಗವೇ ಗತಿ.

“ಬನ್ನಿ, ಕೂತ್ಕೊಳ್ಳಿ” ಎಂದರು ಮ್ಯಾನೇಜರ್. “ಮೇಲಿನವರಿಂದ ಫೋನ್ ಬಂದಿದೆ. ಇದನ್ನ ಬರೆದೋನು ಯಾರು ಅಂತ ಇವತ್ತೇ ಗೊತ್ತಾಗ್ಬೇಕು. ಗೊತ್ತಾದ ತಕ್ಷಣ ಅವನು ಮನೆಗೆ ಹೋಗ್ಬೋದು, ವಾಪಸ್ ಬರೋದು ಬೇಡ ಅಂದಿದಾರೆ.” ಕನ್ನಡಕ ಏರಿಸಿ ಓದತೊಡಗಿದರು: “‘ಅವಳ ಮೌನದೊಳಗಿನ ಮೌನವೂ ಮೌನವಾಗಿತ್ತು.’ ಏನ್ರೀ ಇದು? ಮಷೀನ್ ಸದ್ದು ಮಾಡ್ದಿದ್ರೆ ಏನು ಮಾಡ್ಬೇಕು ಅಂತಾನಾ?”

ಮ್ಯಾನೇಜರ್ ಪುಟ ಮಗುಚಿದರು.

“‘ಒದ್ದೆಯಾದ ನೆನಪುಗಳನ್ನು ಅವಳು ಹಿಂಡಿದಳು, ಅವು ಒಣಗಲಿಲ್ಲ.’ ನಮ್ಮ ಡ್ರೈಯರ್ ಮೇಲೇ ಆರೋಪ! ಇದನ್ನ ಬೇರೆ ಕಂಪನಿಯವರು ನೋಡಿದ್ರೆ ಏನು ಗತಿ?”

ಸಾಹಿತಿಯ ಕಣ್ಣ ಮುಂದೆ ಹೆಂಡತಿಯ ಮುಖ ಬಂತು, ಶಾಲೆಗೆ ಹೋಗುವ ಮಗಳು ಬಂದಳು. ಜೀವನವಿಡೀ ‘ಇದನ್ನು ಬರೆದವರು ಯಾರು?’ ಎಂದು ಯಾರಾದರೂ ಕೇಳಲಿ ಎಂದು ಅವನು ಕಾದಿದ್ದ. ಕೇಳಿದಾಗ ಮೆಲ್ಲಗೆ ಎದ್ದು ನಿಂತು, ತಲೆ ತಗ್ಗಿಸಿ, ವಿನಯದಿಂದ ಏನು ಹೇಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದ. ಈಗ ಬಾಯಿ ತೆರೆದರೆ ಮನೆ ಬೀದಿಗೆ ಬರುತ್ತದೆ. ಅವನು ಬಾಯಿ ಬಿಗಿದುಕೊಂಡು ಕೂತ.

ಪ್ರೆಸ್ಸಿನವನು ಸಾಹಿತಿಯ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ. ಹಾಳೆಗಳನ್ನು ಪ್ರೆಸ್ಸಿಗೆ ಕೈಯಾರೆ ತಂದುಕೊಟ್ಟವನು ಯಾರೆಂದು ಅವನಿಗೆ ಗೊತ್ತಿತ್ತು. ಓದದೆ ಅಚ್ಚು ಹಾಕಿದ್ದು ತಾನೆಂಬುದೂ ಗೊತ್ತಿತ್ತು.

“ಸಾರ್, ಅದು ಯಾರೂ ಬರೆದಿದ್ದಲ್ಲ. ಪುಟ ಕಟ್ಟುವಾಗ ಅಳತೆ ನೋಡೋಕೆ ಅಂತ ಸುಮ್ನೆ ಏನೋ ಅಕ್ಷರ ತುಂಬಿಸ್ತೀವಿ. ಆಮೇಲೆ ತೆಗೆದುಬಿಡ್ತೀವಿ. ಈ ಸಲ ತೆಗೆಯೋದು ಮರ್ತುಹೋಗಿದೆ. ತಪ್ಪು ನಮ್ದೇ. ಉಳಿದಿರೋ ಪ್ರತಿಗೆಲ್ಲ ನಮ್ಮ ಖರ್ಚಲ್ಲೇ ಖಾಲಿ ಹಾಳೆ ಅಂಟಿಸಿಕೊಡ್ತೀವಿ.”

ಮ್ಯಾನೇಜರ್ ಮುಖ ಅರಳಿತು. “ಹಾಗನ್ನಿ! ನಾನೂ ಅದನ್ನೇ ಅಂದ್ಕೊಂಡೆ. ಮನುಷ್ಯರು ಬರೆದ ಹಾಗೆ ಕಾಣಲಿಲ್ಲ.”

“ಅರ್ಥ ಗಿರ್ಥ ಏನೂ ಇರಲ್ಲ ಸಾರ್. ಜಾಗ ತುಂಬಿದ್ರೆ ಆಯ್ತು.”

ಸಾಹಿತಿ ಬದುಕಿದ. ಕೆಲಸ ಉಳಿಯಿತು, ಸಂಬಳ ಉಳಿಯಿತು, ಮನೆ ಉಳಿಯಿತು. ಎದ್ದು, ನಮಸ್ಕಾರ ಹಾಕಿ, ಹೊರಗೆ ಹೋಗಿ ಒಂದು ಲೋಟ ನೀರು ಕುಡಿದಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಬುದ್ಧಿ ಇದ್ದವರು ಹಾಗೇ ಮಾಡುತ್ತಾರೆ. ಆದರೆ ಇವನು ಸಾಹಿತಿ.

“ಅರ್ಥ ಇಲ್ದೆ ಏನ್ರೀ?” ಎಂದು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತ. “ಅದು ಕತೆ! ನಾಲ್ಕು ವರ್ಷ ತಿದ್ದಿದ ಕತೆ! ಬರೆದೋನು ನಾನು!”

ಪ್ರೆಸ್ಸಿನವನು ಮೇಜಿನ ಕೆಳಗೆ ಅವನ ಕಾಲು ತುಳಿದ. ಸಾಹಿತಿಗೆ ಅದು ತಾಗಲೇ ಇಲ್ಲ.

ಮ್ಯಾನೇಜರ್ ಅವನನ್ನೇ ಒಂದು ನಿಮಿಷ ನೋಡಿದರು. ಆಮೇಲೆ ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟರು. “ನಿಮ್ಮ ಒಳ್ಳೇತನ ನಂಗೆ ಗೊತ್ತು. ಪಾಪ, ಪ್ರೆಸ್ಸಿನವರ ಹೊಟ್ಟೆ ಮೇಲೆ ಹೊಡೆತ ಬೀಳುತ್ತೆ ಅಂತ ತಪ್ಪು ನಿಮ್ಮ ಮೇಲೆ ಎಳ್ಕೊಳ್ತಿದೀರಿ.”

“ಇಲ್ಲ ಸಾರ್, ನಿಜವಾಗ್ಲೂ ನಾನೇ…”

“ನೀವು ಹೀಗೆ ಬರೆಯೋರಲ್ಲ ಕಣ್ರೀ. ಹನ್ನೊಂದು ವರ್ಷದಿಂದ ನಿಮ್ಮ ಪ್ರತಿ ಸಾಲೂ ಓದಿದೀನಿ. ‘ನೀರು ಬಾರದಿದ್ದರೆ ಮೊದಲು ನಲ್ಲಿ ತೆರೆದಿದೆಯೇ ನೋಡಿ.’ ಆಹಾ! ಒಂದು ಪದ ತೆಗೆಯೋಕಾಗಲ್ಲ, ಒಂದು ಸೇರ್ಸೋಕಾಗಲ್ಲ. ಆ ಕೈ ‘ಮೌನವೂ ಮೌನವಾಗಿತ್ತು’ ಅಂತ ಬರೆಯುತ್ತಾ?”

ಸಾಹಿತಿ ಹಟಕ್ಕೆ ಬಿದ್ದ. ಕಣ್ಣು ಮುಚ್ಚಿಕೊಂಡು ಕತೆಯ ಎರಡನೆಯ ಪುಟವನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ‘ಅವಳೊಳಗಿನ ಸಂಜೆಗೆ ಸಂಜೆಯಾಗುತ್ತಿತ್ತು’ ಎಂಬಲ್ಲಿ ಅವನ ದನಿ ನಡುಗಿತು. ಕಣ್ಣು ಬಿಟ್ಟಾಗ ಮ್ಯಾನೇಜರ್ ಗಾಬರಿಯಿಂದ ಪ್ರೆಸ್ಸಿನವನ ಮುಖ ನೋಡುತ್ತಿದ್ದರು.

“ಪ್ರೂಫ್ ನೋಡಿ ನೋಡಿ ಇವ್ರ ತಲೆಗೆ ಹತ್ತಿದೆ” ಎಂದು ಮ್ಯಾನೇಜರ್ ಪಿಸುಗುಟ್ಟಿದರು. “ಇನ್ನು ಗ್ರಾಹಕರ ಪಾಡೇನು? ಆ ನಾಲ್ಕು ಪುಟ ಓದ್ಬೇಡಿ ಅಂತ ತಕ್ಷಣ ಒಂದು ಚೀಟಿ ಅಚ್ಚು ಹಾಕಿಸಿ, ಕೈಪಿಡಿ ಹೋಗಿರೋ ಮನೆಗೆಲ್ಲ ಕಳಿಸ್ಬೇಕು. ಸಾಹಿತಿಗಳೇ, ಚೀಟಿ ನೀವೇ ಬರೀಬೇಕು. ಮನಸ್ಸಿಗೂ ಸಮಾಧಾನ ಆಗುತ್ತೆ.”

ತನ್ನ ಕತೆಯನ್ನು ಓದಬೇಡಿ ಎಂದು ತಾನೇ ಬರೆಯುವುದು! ಸಾಹಿತಿ ತನ್ನ ಮೇಜಿಗೆ ಬಂದು ಕೂತು ಮೊದಲು ಒಂದು ಪುಟ ಬರೆದ. ಅದರಲ್ಲಿ ಕಾಲದ ಕ್ರೂರತೆ, ಓದುಗನ ಒಂಟಿತನ ಎಲ್ಲ ಇದ್ದವು. ಹರಿದು ಹಾಕಿದ. ಅಳು ಬರುವ ಹಾಗಾಗಿತ್ತು. ಆಮೇಲೆ ಸಿಟ್ಟಿನಲ್ಲಿ ಪೆನ್ನು ಊರಿದಾಗ, ಹನ್ನೊಂದು ವರ್ಷ ಪಳಗಿದ ಕೈ ಅವನನ್ನು ಕೇಳದೆ ತನ್ನ ಪಾಡಿಗೆ ತಾನು ಬರೆದು ಮುಗಿಸಿತು:

‘ಇಪ್ಪತ್ತೊಂಬತ್ತರಿಂದ ಮೂವತ್ತೆರಡನೆಯ ಪುಟದವರೆಗೆ ಇರುವುದು ಈ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಓದದಿದ್ದರೆ ನಷ್ಟವಿಲ್ಲ.’

ಮ್ಯಾನೇಜರ್ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ ಮೆಚ್ಚಿಕೊಂಡರು. ಗೋದಾಮಿನವರು ಓದಿ ತಲೆದೂಗಿದರು. ಲೆಕ್ಕ ಬರೆಯುವವರಂತೂ, “ಓದದಿದ್ದರೆ ನಷ್ಟವಿಲ್ಲ! ಎಂಥಾ ಮಾತ್ರೀ!” ಎಂದು ಬಂದು ಕೈ ಕುಲುಕಿದರು. ಆ ಆಫೀಸಿನಲ್ಲಿ ಅವನು ಬರೆದದ್ದನ್ನು ಇಷ್ಟು ಜನ ಒಟ್ಟಿಗೆ ಓದಿ ಹೊಗಳಿದ್ದು ಅದೇ ಮೊದಲು. ಪ್ರತಿ ಹೊಗಳಿಕೆಗೂ ಸಾಹಿತಿಯ ಮುಖ ಹುಳ್ಳಗಾಗುತ್ತಾ ಹೋಯಿತು.

ಚೀಟಿಗಳು ಅಚ್ಚಾಗಿ ಗ್ರಾಹಕರನ್ನು ಮುಟ್ಟುವವರೆಗೆ, ಫೋನ್ ಮಾಡಿದವರಿಗೆಲ್ಲ ಅದನ್ನು ಓದಿ ಹೇಳಬೇಕೆಂದು ಅಪ್ಪಣೆಯಾಯಿತು. ಮಧ್ಯಾಹ್ನ ಮೂರೂವರೆಗೆ ಫೋನಕ್ಕ ಟೀ ಕುಡಿಯಲು ಎದ್ದು ಹೋಗುತ್ತಾ ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಕೂತ ಕೂಡಲೇ ಫೋನ್ ಬಡಿದುಕೊಂಡಿತು. ಆಚೆ ಕಡೆ ವಯಸ್ಸಾದ ಹೆಂಗಸಿನ ದನಿ. ಮೆಕ್ಯಾನಿಕ್ ಬಂದಿದ್ದಾನೆ, ಬರೆಯಲು ಜಾಗವಿಲ್ಲ ಎನ್ನುತ್ತಿದ್ದಾನೆ, ಏನು ಮಾಡಲಿ ಎಂದು ಕೇಳಿದರು. ಒಂದು ಖಾಲಿ ಹಾಳೆ ಅಂಟಿಸಿ ಬರೆಯಲಿ ಎಂದು ತಿಳಿಸಿ, ಸಾಹಿತಿ ಚೀಟಿಯನ್ನೂ ಓದಿ ಹೇಳಿದ.

“ಓದದಿದ್ರೆ ನಷ್ಟವಿಲ್ಲವಾ?” ಎಂದರು ಆಕೆ. “ಹಾಗಂದ್ಮೇಲೆ ಏನೋ ಇರ್ಬೇಕು. ಸ್ವಲ್ಪ ಇರಿ, ಕನ್ನಡಕ ಹಾಕ್ಕೋತೀನಿ. ಫೋನ್ ಇಡ್ಬೇಡಿ.”

ಕನ್ನಡಕದ ಪೆಟ್ಟಿಗೆ ಟಪ್ಪೆಂದು ತೆರೆದ ಸದ್ದು ಕೇಳಿಸಿತು. ಆಮೇಲೆ ಬರೀ ಉಸಿರು. ಒಂದು ಪುಟ ಮಗುಚಿದ ಸದ್ದು. “ಅಮ್ಮಾ, ನಂಗೆ ಇನ್ನೂ ಮೂರು ಮನೆ ಇದೆ” ಎಂದು ಮೆಕ್ಯಾನಿಕ್ ಗೊಣಗಿದ್ದು, ಆಕೆ “ಶ್, ಸುಮ್ನಿರಪ್ಪಾ” ಎಂದು ಗದರಿದ್ದು, ಮತ್ತೆ ಇನ್ನೊಂದು ಪುಟ. ಮೂವತ್ತಾರು ಕತೆ ಬರೆದವನಿಗೆ ಇಷ್ಟು ವರ್ಷಕ್ಕೆ ಒಬ್ಬರು ಓದುಗರು ಸಿಕ್ಕಿದ್ದರು. ಅವರು ಓದುತ್ತಿದ್ದರು, ಮೆಕ್ಯಾನಿಕ್ಕನ್ನು ನಿಲ್ಲಿಸಿಕೊಂಡು ಓದುತ್ತಿದ್ದರು! ಸಾಹಿತಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣು ತುಂಬಿ ಬಂತು.

ಕೊನೆಯ ಪುಟವೂ ಮಗುಚಿತು.

“ಹಲೋ, ಇದೀರಾ?”

“ಇದೀನಮ್ಮ. ಹೇಗಿತ್ತು?”

“ಪೂರ್ತಿ ಓದ್ದೆ ಕಣಪ್ಪ. ನಿಮ್ಮ ಚೀಟಿ ಹೇಳಿದ್ದು ನೂರಕ್ಕೆ ನೂರು ನಿಜ. ಎರಡೇ ಸಾಲಲ್ಲಿ ಎಷ್ಟು ಸರಿಯಾಗಿ ಹೇಳ್ಬಿಟ್ಟಿದಾರೆ! ಆ ಚೀಟಿ ಬರೆದೋರು ಯಾರು?”

ಸಾಹಿತಿ ಕಣ್ಣು ಒರೆಸಿಕೊಂಡ. “ನಾನೇ” ಎಂದ.

“ನೀವೇನಾ? ಒಳ್ಳೇದಾಯ್ತು. ನಿಮ್ಮಂಥವ್ರು ಅಲ್ಲೇ ಇದ್ದೀರಲ್ಲ, ಈ ನಾಲ್ಕು ಪುಟ ಬರೆದೋನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸ್ವಲ್ಪ ಬರೆಯೋದು ಹೇಳ್ಕೊಡಿ.”

“ಆಯ್ತಮ್ಮ, ಹೇಳ್ಕೊಡ್ತೀನಿ” ಎಂದು ಸಾಹಿತಿ ಫೋನ್ ಇಟ್ಟ.