ಸೌತೆಕಾಯಿ ತಿಂದ ಕೊಲೆಗಾರ

ಕೊಲೆಗಾರನ ವೇಷ ಹಾಕಿದವನಿಗೆ ಮುಂದೆ ಹೇಳುವಂಥವು ಆಗುತ್ತಲೇ ಇರುತ್ತವೆ. ನಾನು ಹಾಕಿದ್ದು ಒಂದೇ ಸಲ.

ಅವತ್ತು ಗುರುವಾರ. ಏಳನೆಯ ತರಗತಿಗೆ ಭಿನ್ನರಾಶಿಯ ಲೆಕ್ಕ ಕೊಟ್ಟು ಶಾಲೆಯ ಜಗಲಿಯಲ್ಲಿ ನಿಂತಿದ್ದೆ. ನಮ್ಮದು ಹಳ್ಳಿಮೈಸೂರು ಕಡೆಯ ಶಾಲೆ. ಹಾಸನದಿಂದ ಒಂದು ಕಾರು ಬಂತು. ಭಾನುವಾರಗಳಂದು ಶಾಲೆಯಲ್ಲಿ ಸಿನಿಮಾ ತೆಗೆಯಲು ಅನುಮತಿ ಕೇಳಲು ಬಂದವರು. ನಿರ್ದೇಶಕ ಯುವಕ. ಮುಖ್ಯ ಶಿಕ್ಷಕಿಯೊಡನೆ ಮಾತಾಡುತ್ತ ನನ್ನನ್ನೇ ನೋಡುತ್ತಿದ್ದ.

"ಸರ್, ನೀವು ಯಾವಾಗಲೂ ಹೀಗೇ ಇರ್ತೀರಾ?"

"ಹೇಗೆ?"

"ಹೀಗೇ. ನಗದೆ."

ಮುಖ್ಯ ಶಿಕ್ಷಕಿ ತಲೆ ತಗ್ಗಿಸಿದರು. ನನ್ನ ಹೆಂಡತಿ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ.

"ನನ್ನ ಸಿನಿಮಾದಲ್ಲಿ ಒಬ್ಬ ಸರಣಿ ಕೊಲೆಗಾರ ಇದಾನೆ ಸರ್. ಆ ಮುಖಕ್ಕೆ ಎಲ್ಲೆಲ್ಲೋ ಹುಡುಕಿದೆ. ಇಲ್ಲಿದೆ ನೋಡಿ."

ಹೆಂಡತಿ ತೀರಿಕೊಂಡ ಮೇಲೆ ನಾನು ಹೋದ ಕಡೆಯೆಲ್ಲ ಜನ ದನಿ ತಗ್ಗಿಸುತ್ತಿದ್ದರು. ನನಗೆ ನೋವಾದೀತೆಂದು ಆಕೆಯ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಯಾರಾದರೂ ಆಕೆಯ ಬಗ್ಗೆ ಒಂದು ಮಾತಾಡಲಿ ಎಂದು ಕಾಯುತ್ತಿದ್ದೆ. ಬಾಯಿಬಿಟ್ಟು ಕೇಳಲು ನನಗೆ ಬರುತ್ತಿರಲಿಲ್ಲ. ಈ ಯುವಕ ನನ್ನೊಡನೆ ಮಾಮೂಲು ದನಿಯಲ್ಲಿ ಮಾತಾಡಿದ. ಅಷ್ಟಕ್ಕೇ ಒಪ್ಪಿಕೊಂಡೆ.

ಸರ್ಕಾರಿ ನೌಕರನಾದ್ದರಿಂದ ಅನುಮತಿ ಬೇಕಿತ್ತು. ಹೊಳೆನರಸೀಪುರದ ಶಿಕ್ಷಣ ಇಲಾಖೆ ಕಚೇರಿಗೆ ಅರ್ಜಿ ಕೊಟ್ಟೆ. ಗುಮಾಸ್ತರು ಪೂರ್ತಿ ಓದಿ, ಪೆನ್ನು ನನ್ನ ಕಡೆ ಚಾಚಿದರು.

"ಕೊಲೆಗಳನ್ನ ಶಾಲಾ ಅವಧಿ ಮುಗಿದ ಮೇಲೆ ಮಾಡ್ತೀನಿ ಅಂತ ಒಂದು ಸಾಲು ಸೇರಿಸ್ಬಿಡಿ ಸಾ."

ಸೇಬು

ಕೊಲೆಗಾರ ಹೇಗಿರಬೇಕೆಂದು ನಿರ್ದೇಶಕ ನನಗೆ ಪಾಠ ಮಾಡಿದ. ಕಣ್ಣು ಮಿಟುಕಿಸಬಾರದು. ಮೆಲ್ಲಗೆ ಮಾತಾಡಬೇಕು. ಕೊಲೆಗೆ ಮುಂಚೆ ಕನ್ನಡಕ ಒರೆಸಬೇಕು, ರೇಡಿಯೋದಲ್ಲಿ ಹಳೆಯ ಹಾಡು ಬರುತ್ತಿರಬೇಕು. ಆಮೇಲೆ ಚಾಕುವಿನಿಂದ ಸೇಬು ಕತ್ತರಿಸಿ, ಆ ಚಾಕುವಿನ ತುದಿಯಲ್ಲೇ ಬಾಯಿಗೆ ಹಾಕಿಕೊಳ್ಳಬೇಕು.

"ಸೇಬು ಯಾಕೆ?" ಎಂದೆ.

"ಎಲ್ಲ ಸಿನಿಮಾದಲ್ಲೂ ಹಾಗೇ ಸರ್."

"ಇವನು ಕೊಲ್ಲುವುದಾದರೂ ಯಾಕೆ?"

"ಚಿಕ್ಕವನಾಗಿದ್ದಾಗ ಮೇಷ್ಟ್ರು ಹೊಡೆದಿದ್ರು. ಅದು ಮನಸ್ಸಲ್ಲೇ ಉಳ್ಕೊಂಡಿದೆ."

"ಹಾಗಾದರೆ ನಮ್ಮ ತಾಲ್ಲೂಕಿನಲ್ಲಿ ಐವತ್ತು ದಾಟಿದ ಗಂಡಸರೆಲ್ಲ ಕೊಲೆಗಾರರಾಗಬೇಕಿತ್ತು," ಎಂದೆ. ಅವನು ಸೇಬು ತರಲು ಒಬ್ಬನನ್ನು ಓಡಿಸಿದ.

ಊರಿನ ಅಂಗಡಿಯಲ್ಲಿ ಅವತ್ತು ಸೇಬು ಇರಲಿಲ್ಲ. ಸೌತೆಕಾಯಿ ಇತ್ತು. ಬೆಳಕು ಹೋಗುತ್ತದೆಂದು ನಿರ್ದೇಶಕ ಸೌತೆಕಾಯಿಗೇ ಒಪ್ಪಿದ. ಎದುರಿಗೆ ಹೆಣದ ಪಾತ್ರಧಾರಿ ಮಲಗಿದ್ದ. ನಾನು ಕಣ್ಣು ಮಿಟುಕಿಸದೆ ಹೋಳು ಕತ್ತರಿಸಿ ಬಾಯಿಗಿಟ್ಟೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಕಾಂಪೌಂಡಿನ ಮೇಲೆ ಕೂತಿದ್ದ ಒಬ್ಬ ರೈತ ಕೂಗಿದ:

"ಉಪ್ಪು ಕಾರ ಅಚ್ಕಳಿ ಸಾ, ಸಪ್ಪೆ ಇರ್ತದೆ."

ಹೆಣ ಎದ್ದು ಕೂತು ನಗತೊಡಗಿತು.

ನಿಜವಾದವರು

ಪೊಲೀಸರ ಪಾತ್ರ ಮಾಡುವವರಿಗೆ ಹೇಳಿಕೊಡಲು ಅರಕಲಗೂಡಿನಿಂದ ಒಬ್ಬ ನಿವೃತ್ತ ದಫೇದಾರರು ಬಂದಿದ್ದರು. ನಾನು ಕೊಲೆ ಮಾಡಿ ಹಲ್ಲು ಬಿಟ್ಟು ನಗುವ ದೃಶ್ಯ ಮುಗಿದಾಗ ಅವರು ಟೀ ಲೋಟ ಕೆಳಗಿಟ್ಟರು.

"ನನ್ನ ಸರ್ವೀಸಲ್ಲಿ ಕೊಲೆ ಮಾಡ್ದೋನು ಯಾವನೂ ಇಂಗ್ ನಕ್ಕಿದ್ದ ನೋಡ್ಲಿಲ್ಲ ಕಣಪ್ಪ."

"ಮತ್ತೆ ಹೇಗಿರ್ತಿದ್ರು ಸರ್?" ನಿರ್ದೇಶಕ ಆಸೆಯಿಂದ ಹತ್ತಿರ ಬಂದ.

"ಒಬ್ಬ ಬದುವಿನ ಜಗಳದಾಗೆ ದಾಯಾದೀನ ಒಡದಾಕ್ಬುಟ್ಟು, ಅವನೇ ನಡ್ಕಂಡು ಸ್ಟೇಷನ್‌ಗೆ ಬಂದ. ಬಂದೋನು ಕುಂತ್ಕಳ್ಳಾಕೂ ಒಲ್ಲ. 'ಬ್ಯಾಗ ಬರ್ಕಳಿ ಸಾ, ಕೊಟ್ಟಿಗೇಲಿ ಅಸೀಗೆ ನೀರು ಕುಡ್ಸಿಲ್ಲ, ಓಗ್ಬೇಕು' ಅಂದ."

"ಆಮೇಲೆ?"

"ಆಮೇಲೇನು. ಅವನು ಒಳಗೆ. ನಮ್ಮ ಕಾನ್‌ಸ್ಟೇಬಲ್ಲು ಓಗಿ ಅಸೀಗೆ ನೀರು ಕುಡ್ಸಿ ಬಂದ."

ನಿರ್ದೇಶಕ ಇದನ್ನು ಯಾರೂ ನಂಬುವುದಿಲ್ಲ ಎಂದ. ನನ್ನನ್ನು ಕರೆದು ಇನ್ನೊಂದು ಸಲ ನಗಿಸಿದ.

ಎಳನೀರು

ಸಿನಿಮಾ ಥಿಯೇಟರಿಗೆ ಬರಲಿಲ್ಲ, ಫೋನಿಗೆ ಬಂತು. ಅದಾದ ಮೇಲೆ ಒಂದು ದಿನ ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಬಳಿ ಎಳನೀರು ಕೇಳಿದೆ. ಎಳನೀರಿನವನು ಕಾಯಿಗೆ ಒಂದು ಏಟು ಹಾಕಿ, ನನ್ನ ಮುಖ ನೋಡಿ, ಮಚ್ಚನ್ನು ಬೆನ್ನ ಹಿಂದೆ ಹಿಡಿದ.

"ಅಲ್ಲೇ ನಿಂತ್ಕಳಿ ಸಾ. ನಾನೇ ತಂದ್ಕೊಡ್ತೀನಿ."

ಪಕ್ಕದಲ್ಲಿ ಕುಡಿಯುತ್ತಿದ್ದವನಿಗೂ ಗುರುತು ಸಿಕ್ಕಿತು. ಒಂದು ಫೋಟೋ ಬೇಕೆಂದ. "ಮಚ್ಚು ಅವರ ಕೈಗೆ ಕೊಡಪ್ಪ, ಚೆಂದಾಗಿ ಬತ್ತದೆ."

"ಕೊಡ್ತೀನಿ ತಡಿ," ಎಳನೀರಿನವನು ಮೂರು ಹೆಜ್ಜೆ ಹಿಂದೆ ಸರಿದ. "ನೀನು ಮೊದ್ಲು ಅವರ ಪಕ್ಕ ನಿಂತ್ಕ."

ಜನ ಈಗ ನನ್ನೊಡನೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಸಿನಿಮಾದ ಬಗ್ಗೆ ಮಾತ್ರ.

ಆ ನೋಟ

ದುದ್ದದ ಕಡೆಯಿಂದ ಬಂದು ನಮ್ಮೂರಿನಲ್ಲಿ ನೆಲೆಸಿದ್ದ ಒಬ್ಬರು ಮಗಳನ್ನು ಶಾಲೆಗೆ ಕರೆತಂದರು. ಅವಳು ನನ್ನ ತರಗತಿಯವಳೇ.

"ಓದಾದೇ ಇಲ್ಲ ಸಾ. ಒಂದ್ಸಲ ಸಿನಿಮಾದಾಗೆ ನೋಡ್ದಂಗೆ ನೋಡ್ಬುಡಿ."

ತಂದೆಯ ಮಾತು ತೆಗೆದುಹಾಕಲಾರದೆ ನೋಡಿದೆ. ಅವಳು ನನ್ನನ್ನು ಹಾಗೇ ನೋಡಿದಳು. ಕೊನೆಗೆ ನನಗೇ ಕಣ್ಣಲ್ಲಿ ನೀರು ಬಂತು.

"ಸಾ, ನೀವು ರೆಪ್ಪೆ ಬಡಿದ್ಬುಟ್ರಿ," ಎಂದಳು. "ನಾನೇ ಗೆದ್ದೆ."

ಎದುರು ಮನೆಯ ಜಗಲಿ

ಸಿನಿಮಾವನ್ನು ಬೀದಿಯವರೆಲ್ಲ ಒಟ್ಟಿಗೆ ನೋಡಬೇಕೆಂದು ಒಂದು ಸಂಜೆ ಎದುರು ಮನೆಯವರು ಟಿವಿಯನ್ನು ಜಗಲಿಗೆ ತಂದಿಟ್ಟರು. ನನಗೆ ಮುಂದಿನ ಕುರ್ಚಿ. ಪಕ್ಕದಲ್ಲಿ ಆ ಮನೆಯ ಅಜ್ಜಿ.

ಮೊದಲ ಕೊಲೆ ಬಂತು. ಟಿವಿಯಲ್ಲಿ ನಾನು ಮಚ್ಚು ಹಿಡಿದು ಹಿತ್ತಲಿಗೆ ನಡೆಯುತ್ತೇನೆ. ಪಂಚೆಗೆ ರಕ್ತ ಸಿಡಿಯುತ್ತದೆ. ಮಕ್ಕಳು ಅಮ್ಮಂದಿರ ಸೆರಗು ಹಿಡಿದುಕೊಂಡರು.

"ಸುಳ್ಳು," ಎಂದರು ಅಜ್ಜಿ.

"ಸಿನಿಮಾ ಅಂದ್ಮೇಲೆ ಸುಳ್ಳೇ ಕಣತ್ತೆ," ಎಂದಳು ಸೊಸೆ.

"ಅದಲ್ಲ ಕಣವ್ವ. ಮೇಷ್ಟ್ರು ಕೈಲಿ ಒಂದು ಕೋಳಿ ಕುಯ್ಯಕ್ಕಾಗಕಿಲ್ಲ, ಮನುಷ್ಯರನ್ನ ಕುಯ್ತಾರಾ? ಅವರ ಮನೇಲಿ ಕುಯ್ತಿದ್ದದ್ದು ಅವ್ಳು."

ಸೊಸೆ ಅಜ್ಜಿಯ ತೋಳು ತಿವಿದಳು.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಮನೆಮನೆಯಲ್ಲೂ ಬಾಡೂಟ. ಕೋಳಿ ಕುಯ್ಯುವುದು ಮನೆಯ ಗಂಡಸಿನ ಕೆಲಸ. ಹೆಂಗಸು ಕುಯ್ದರೆ ಬೀದಿ ಗಂಡನನ್ನು ಆಡಿಕೊಳ್ಳುತ್ತದೆ. ನಾನು ಎಲ್ಲರಿಗೂ ಕಾಣುವಂತೆ ಕೋಳಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಪುಕ್ಕ ಕೀಳಲು ಬಿಸಿನೀರು ತರುವವಳಂತೆ ಹೆಂಡತಿ ಹಿಂದೆ ಬರುತ್ತಿದ್ದಳು. ಗೋಡೆಯ ಮರೆಯಲ್ಲಿ ಕೋಳಿಯೂ ಮಚ್ಚೂ ಆಕೆಯ ಕೈಗೆ ಹೋಗುತ್ತಿದ್ದವು. ನಾನು ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದೆ. ಮದುವೆಯಾದಾಗಿನಿಂದ ಹೀಗೇ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತೆಂದು ತಿಳಿದಿದ್ದೆ.

"ನಿಮಗೆ ಯಾರು ಹೇಳಿದರು?" ಎಂದು ಕೇಳಿದೆ.

"ಇನ್ಯಾರು, ಅವ್ಳೇ. ಡೈರಿ ತಾವ ಹಾಲಾಕಕ್ಕೆ ನಿಂತಾಗ. ಕುಯ್ದಾದ್ಮೇಲೆ ನಿಮ್ ಪಂಚೆಗೆ ಒಸಿ ರಕ್ತ ಸವರಿ ಈಚೆಗೆ ಕಳಿಸ್ತಿದ್ಲಂತಲ್ಲ. ನಾವೆಲ್ಲ ನಿಮ್ ಪಂಚೆ ನೋಡಾಕೇ ಕಾಯ್ಕಂಡು ಕುಂತಿರ್ತಿದ್ದೊ."

ನಾನು ನಕ್ಕುಬಿಟ್ಟೆ. ಅದನ್ನು ನೋಡಿ ಸೊಸೆಗೆ ಧೈರ್ಯ ಬಂತು.

"ನಂಗೂ ಯೋಳಿದ್ರು ಸಾ. ಒಂದ್ಸಲ ಕೋಳಿ ಕೈಯಿಂದ ತಪ್ಪಿಸ್ಕೊಂಡು ನಿಮ್ ಮೇಲೇ ಆರ್ತಂತೆ. ನೀವು ಬಚ್ಚಲಿಗೆ ಓಗಿ ಚಿಲಕ ಆಕ್ಕಂಡ್ರಂತೆ."

"ಅವ್ರು ಬಾಗ್ಲು ತಗೀರಿ ಅಂದ್ರೆ, 'ಮೊದ್ಲು ಕೋಳಿ ಎಲ್ಲದೆ ಯೋಳು' ಅಂದ್ರಂತೆ," ಎಂದರು ಹಿಂದಿನ ಸಾಲಿನಿಂದ ಒಬ್ಬರು.

"'ಒಲೆ ಮ್ಯಾಲದೆ, ಉಪ್ಪು ನೋಡ್ ಬನ್ನಿ' ಅಂದ್ಲಂತೆ ಅವ್ಳು," ಎಂದು ಅಜ್ಜಿ ಮುಗಿಸಿದರು. ಆಕೆ ಸೊಂಟಕ್ಕೆ ಕೈಯಿಟ್ಟು ಬಾಗಿಲ ಮುಂದೆ ಹೇಗೆ ನಿಂತಿದ್ದಳೆಂದು ಎದ್ದು ನಿಂತು ತೋರಿಸಿದರು. ಸರಿಯಾಗಿಯೇ ತೋರಿಸಿದರು.

ಕುರ್ಚಿಗಳು ನನ್ನ ಕಡೆ ತಿರುಗಿದವು. ಒಬ್ಬರು ಮುಗಿಸುವುದರೊಳಗೆ ಇನ್ನೊಬ್ಬರು ಆಕೆಯ ಮಾತು ಎತ್ತುತ್ತಿದ್ದರು. ಎಷ್ಟೋ ನನಗೆ ಗೊತ್ತಿಲ್ಲದವು.

ಟಿವಿಯಲ್ಲಿ ಪೊಲೀಸರು ನನ್ನನ್ನು ಹಿಡಿದರು. ಅದನ್ನು ಯಾರೂ ನೋಡಲಿಲ್ಲ.