ಸಾಹೇಬ್ರ ಬಡ್ತಿ ಕೇಸು

ಇಂಜಿನಿಯರುಗಳ ಬಡ್ತಿ ಜಗಳ ನಮ್ಮ ಕಚೇರಿಗೆ ಹೊಸತಲ್ಲ. ಜ್ಯೇಷ್ಠತಾ ಪಟ್ಟಿ ಬಂದಾಗೆಲ್ಲ ಯಾರಾದರೊಬ್ಬರು ಕೋರ್ಟಿಗೆ ಹೋಗುವುದು, ಅವರ ಸೇವಾ ಪುಸ್ತಕ ಹೊತ್ತುಕೊಂಡು ಗುಮಾಸ್ತನಾದ ನಾನು ಹಿಂದೆ ಹೋಗುವುದು ನಡೆದೇ ಇದೆ. ಹೊನ್ನಾವರದ ಈ ಕಚೇರಿಯಲ್ಲಿ ಕೂತು ಎಷ್ಟೋ ಕೇಸು ನೋಡಿದ್ದೇನೆ. ಆದರೆ ನಮ್ಮ ಹಿರಿಯ ಸಾಹೇಬ್ರ ಕೇಸು ನೆನಪಾದರೆ ಈಗಲೂ ಬಸ್ಸಿನಲ್ಲಿ ಒಬ್ಬನೇ ನಗುತ್ತೇನೆ. ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ.

೧. ಆಕ್ಷೇಪಣೆ

ಹಿರಿಯ ಸಾಹೇಬ್ರು ಕುಮಟಾದವರು. ಡಿಪ್ಲೊಮಾ ಮುಗಿಸಿ ನೌಕರಿಗೆ ಸೇರಿ, ಆಮೇಲೆ ಕಷ್ಟಪಟ್ಟು ಡಿಗ್ರಿ ಮಾಡಿದವರು. ಕಿರಿಯ ಸಾಹೇಬ್ರು ಭಟ್ಕಳದ ಬೆಳಕೆಯವರು, ಡಿಗ್ರಿ ಹಿಡಿದುಕೊಂಡೇ ಬಂದವರು. ಇಬ್ಬರ ಮೇಜೂ ಅಕ್ಕಪಕ್ಕ. ಮೇಲೆ ಖಾಲಿ ಇದ್ದದ್ದು ಒಂದೇ ಹುದ್ದೆ, ಕಚೇರಿ ಮುಖ್ಯಸ್ಥರದು. ಹಿರಿಯರ ಸೇವೆಯನ್ನು ಸೇರಿದ ದಿನದಿಂದ ಎಣಿಸಬೇಕೋ, ಡಿಗ್ರಿ ಬಂದ ದಿನದಿಂದಲೋ ಎಂಬುದೇ ತಕರಾರು. ಇಲಾಖೆ ಡಿಗ್ರಿಯಿಂದ ಎಣಿಸಿ ಕಿರಿಯರ ಹೆಸರನ್ನು ಮೇಲೆ ಹಾಕಿತು.

ಆ ಖಾಲಿ ಹುದ್ದೆಯ ಕೆಲಸವನ್ನು ನಾಲ್ಕು ವರ್ಷದಿಂದ 'ಪ್ರಭಾರ' ಎಂದು ಹೊತ್ತವರು ಹಿರಿಯರೇ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಹೆಸರಿನ ಮುಂದಿನ ಆ 'ಪ್ರಭಾರ' ಕಳಚಿ, ಪೂರ್ಣ ಅಧಿಕಾರಿಯಾಗಿಯೇ ನಿವೃತ್ತರಾಗಬೇಕು, ಅದೊಂದೇ ಅವರ ಆಸೆ. ನನಗಂತೂ ಪಾಪ ಅನಿಸುತ್ತಿತ್ತು.

ಹಿರಿಯರು ಆ ಪಟ್ಟಿಗೆ ಆಕ್ಷೇಪಣೆ ಬರೆಯುವ ದಿನ ನನಗೆ ಜ್ವರ, ರಜೆ ಹಾಕಿದ್ದೆ. ಹಿರಿಯರಿಗೆ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಬರುವುದಿಲ್ಲ. ಹಾಗಾಗಿ ತಮ್ಮ ವಿರುದ್ಧದ ಆಕ್ಷೇಪಣೆಯನ್ನು ಕಿರಿಯರೇ ಟೈಪು ಮಾಡಿಕೊಟ್ಟರಂತೆ. ನಡುವೆ ಕೈ ನಿಲ್ಲಿಸಿ, ತಮ್ಮ ಹೆಸರಿನ ಮುಂದೆ 'ಶ್ರೀ' ಹಾಕಬೇಕೋ ಬೇಡವೋ ಎಂದು ಕೇಳಿದರಂತೆ.

"ಹಾಕು ತಮಾ," ಎಂದರಂತೆ ಹಿರಿಯರು. "ಜಗಳ ಪಟ್ಟಿ ಸಂಗಡ. ನಿನ್ನ ಸಂಗಡ ಎಂತದೂ ಇಲ್ಲ."

೨. ವಕೀಲರ ಗುಟ್ಟು

ಆಕ್ಷೇಪಣೆಯಿಂದ ಏನೂ ಆಗಲಿಲ್ಲ, ಕೇಸು ಬೆಳಗಾವಿಯ ನ್ಯಾಯಮಂಡಳಿಗೆ ಹೋಯಿತು. ಹೊನ್ನಾವರದಿಂದ ಹೊರಟವರು ಮೂವರು: ಅರ್ಜಿ ಹಾಕಿದ ಹಿರಿಯರು, ಸರ್ಕಾರದ ಜೊತೆ ಎದುರುದಾರರೆಂದು ನೋಟೀಸು ಬಂದ ಕಿರಿಯರು, ಸೇವಾ ಪುಸ್ತಕದ ಸಂಗಡ ನಾನು. ಬಸ್ಸೂ ಒಂದೇ, ಸೀಟೂ ಒಂದೇ. ಹಿರಿಯರ ಹೆಂಡತಿ ಮೂವರಿಗೂ ಆಗುವಷ್ಟು ಕೊಟ್ಟೆ ಕಡುಬು ಕಟ್ಟಿಕೊಟ್ಟಿದ್ದರು.

ಹಿರಿಯರ ವಕೀಲರು ಒಳ್ಳೆಯವರು, ಬಾಯಿ ಮಾತ್ರ ಸ್ವಲ್ಪ ಸಡಿಲ. ನಾವು ಕೂತ ತಕ್ಷಣ ಕೇಸಿನ ಗುಟ್ಟೆಲ್ಲ ಬಿಚ್ಚಿದರು. ನಮ್ಮದು ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು, ಆ ಪೊಳ್ಳು ಯಾರಿಗೂ ಕಾಣದ ಹಾಗೆ ಹೇಗೆ ಮುಚ್ಚುವುದು, ಅರ್ಧ ಗಂಟೆ ಹೇಳಿದರು. ಕಿರಿಯರು ಎಲ್ಲದಕ್ಕೂ ತಲೆಯಾಡಿಸಿದರು. ವಕೀಲರಿಗೆ ಖುಷಿಯಾಗಿ, "ಇವರು ನಿಮ್ಮ ಅಳಿಯನಾ?" ಎಂದು ಕೇಳಿದರು.

"ಅಲ್ಲ, ಎರಡನೇ ಎದುರುದಾರ," ಎಂದರು ಹಿರಿಯರು.

ವಕೀಲರು ಫೈಲು ಮುಚ್ಚಿದರು. ಅವರ ಮುಖ ನೋಡಿ ಕಿರಿಯರಿಗೇ ಕನಿಕರ ಬಂತು. "ನೀವು ಹೇಳಿ ವಕೀಲ್ರೆ," ಎಂದರು, "ನಾನು ಆ ಬದಿ ನೋಡ್ತೆ."

೩. ಸರ್ಕಾರದ ಉತ್ತರ

ಅರ್ಜಿಯ ಒಂದೊಂದು ಪ್ಯಾರಾಕ್ಕೂ ಸರ್ಕಾರದ ಪರವಾಗಿ ಉತ್ತರ ಬರೆದು ಕಳಿಸಿ ಎಂದು ಮೇಲಿನಿಂದ ಪತ್ರ ಬಂತು. ಬರೆಯಬೇಕಾದವರು ಕಚೇರಿಯ ಮುಖ್ಯಸ್ಥರು. ಮುಖ್ಯಸ್ಥರು ಯಾರು? ಪ್ರಭಾರದ ಹಿರಿಯ ಸಾಹೇಬ್ರು!

ಬೇರೆಯವರಾಗಿದ್ದರೆ ನಾಲ್ಕು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಇವರು ಮೂರು ದಿನ ಕೂತು ತಮ್ಮ ಅರ್ಜಿಯನ್ನು ತಾವೇ ಚಿಂದಿ ಮಾಡಿದರು. ನಾನು ತಡೆಯಲು ಹೋದೆ. ಸರ್ಕಾರದ ಉಪ್ಪು ತಿಂದವ ಸರ್ಕಾರದ ಕಡೆಯ ಮಾತು ಬಿಡಬಾರದು ಎಂದು ನನಗೇ ಬೈದರು.

ಮುಂದಿನ ತಾರೀಖಿಗೆ ವಕೀಲರು ಆ ಉತ್ತರ ಓದಿ ಬೆವತರು. ತಾನು ಮುಚ್ಚಿಟ್ಟ ಪೊಳ್ಳೆಲ್ಲ ಇದರಲ್ಲಿದೆ, ನಿಮ್ಮ ಕಚೇರಿಯಲ್ಲಿ ನಿಮಗೆ ಇಂಥ ವೈರಿ ಯಾರು ಎಂದು ಕೇಳಿದರು. ಕಿರಿಯರು ಗಾಬರಿಯಿಂದ ತಾನಲ್ಲ ಎಂದರು. ಹಿರಿಯರು ನಾನೇ ಎಂದರು.

ಒಳಗೆ ನ್ಯಾಯಾಧೀಶರು ಅರ್ಜಿಯನ್ನೂ ಉತ್ತರವನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಎರಡರಲ್ಲೂ ನಿಮ್ಮದೇ ಸಹಿ ಇದೆಯಲ್ಲ, ಇದರಲ್ಲಿ ಯಾವುದು ಸರಿ ಎಂದು ಕೇಳಿದರು.

ಹಿರಿಯರು ಕೈಮುಗಿದು ಹೇಳಿದರು: "ಎರಡೂ ಸರಿ ಸ್ವಾಮಿ. ಅದು ಅರ್ಜಿದಾರನಾಗಿ ಬರೆದದ್ದು, ಇದು ಅಧಿಕಾರಿಯಾಗಿ."

೪. ಗಡಿಕಲ್ಲು

ಇಷ್ಟಾದರೂ ಕೇಸು ಗೆದ್ದರು, ದೇವರ ದಯೆ. ಸೇರಿದ ದಿನದಿಂದಲೇ ಸೇವೆ ಎಣಿಸಿ ಎಂದು ಆದೇಶವಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಪತ್ರ ಬಂತು. ಈ ಆದೇಶದ ಮೇಲೆ ಸರ್ಕಾರ ಮೇಲ್ಮನವಿ ಹಾಕಬಹುದೇ, ಕಚೇರಿ ಮುಖ್ಯಸ್ಥರು ನಾಳೆಯೊಳಗೆ ಅಭಿಪ್ರಾಯ ತಿಳಿಸಬೇಕು ಎಂದು.

ಹಿರಿಯರ ಕೈಗೆ ಸಿಕ್ಕರೆ 'ಹಾಕಬಹುದು' ಎಂದು ಬರೆಯುವುದು ಖಂಡಿತ. ಪತ್ರವನ್ನು ರಿಜಿಸ್ಟರಿನ ಅಡಿಗೆ ತಳ್ಳಿ, ನಾವೆಲ್ಲ ಅಕ್ಕ ಎನ್ನುವ ಅವರ ಹೆಂಡತಿಗೆ, ನಾಳೆ ಒಂದು ದಿನ ಹೇಗಾದರೂ ರಜೆ ಹಾಕಿಸಿ ಎಂದು ಫೋನು ಮಾಡಿದೆ. ಅಕ್ಕನಿಗೆ ಅರ್ಧ ಮಾತಿಗೇ ತಿಳಿಯಿತು. ಕಾಗಾಲದ ತವರಿನಲ್ಲಿ ಅಣ್ಣನ ಗದ್ದೆಯ ಗಡಿ ಅಳೆಯಬೇಕು, ಇಂಜಿನಿಯರೇ ಆಗಬೇಕು ಎಂದು ಗಂಡನನ್ನು ಮರುದಿನ ಬೆಳಿಗ್ಗೆಯೇ ಹೊರಡಿಸಿದರು.

ಒಂದು ದಿನದ ಪ್ರಭಾರ ಕಿರಿಯರಿಗೆ ಬಂತು. ಅವರು ಪತ್ರ ಓದಿದರು. 'ಹೌದು' ಎಂದು ಬರೆದಿದ್ದರೆ ಹುದ್ದೆ ಅವರದೇ ಆಗುತ್ತಿತ್ತೇನೋ. "ನಂಗೆ ಇನ್ನೂ ಸುಮಾರು ವರ್ಷ ಸರ್ವೀಸು ಇದ್ದು. ಅವರಿಗೆ ಎಲ್ಲಿದ್ದು?" ಎಂದವರೇ, ಮೇಲ್ಮನವಿ ಅನಗತ್ಯ ಎಂದು ಬರೆದು ಸಹಿ ಹಾಕಿದರು. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ.

ತಿಂಗಳೊಳಗೆ ಬಡ್ತಿ ಆದೇಶ ಬಂತು. ಸಿಹಿ ಹಿಡಿದುಕೊಂಡು ನಾವಿಬ್ಬರೂ ಕುಮಟಾಕ್ಕೆ ಅವರ ಮನೆಗೆ ಹೋದೆವು. ಹಿರಿಯರು ನಗುತ್ತಾ ಕೂತಿದ್ದರು. ಅಕ್ಕ ಮಾತ್ರ ಮುಖ ಊದಿಸಿಕೊಂಡು ಚಾ ತಂದಿಟ್ಟರು. ಎಂತಾತು ಅಕ್ಕ ಎಂದು ಕೇಳಿದೆ.

ಆ ರಜೆಯ ದಿನ ಗಂಡ ಟೇಪು ಹಿಡಿದು ಬಿಸಿಲಲ್ಲಿ ಎರಡೆರಡು ಸಲ ಅಳೆದರಂತೆ. ಅಣ್ಣನ ಬೇಲಿ ನೆರೆಯವರ ಗದ್ದೆಯೊಳಗೆ ಎರಡು ಅಡಿ ಹೋಗಿದೆ ಎಂದು ಪತ್ತೆ ಮಾಡಿ, ನಕ್ಷೆ ಬರೆದು, ಸಹಿ ಹಾಕಿ, ನೆರೆಯವರ ಕೈಗೇ ಕೊಟ್ಟು ಬಂದರಂತೆ.

"ಅಳತೆ ಅಂದ್ರೆ ಅಳತೆ," ಎಂದರು ಹಿರಿಯರು, ಲಾಡು ಮುರಿಯುತ್ತಾ.

ಅಕ್ಕ ನನ್ನ ಕಡೆ ತಿರುಗಿದರು. "ಇವರಿಗೆ ಬಡ್ತಿ ಬಂತು, ನಂಗೆ ತವರು ಹೋತು. ಇನ್ನು ಇವರಿಗೆ ರಜೆ ಹಾಕ್ಸಿ ಅಂತ ಫೋನು ಮಾಡ್ಬೇಡಿ ಮಾರಾಯ್ರೆ. ಆಫೀಸಲ್ಲಿದ್ರೆ ಹಾಳಾಗೂದು ಇವರೊಬ್ರೇ."