ನಾಲ್ಕು ಕೊಂಬಿನ ರೂಟರು

ನನಗೆ ಸಿಟ್ಟು ಬೇಗ ಬರುತ್ತದೆಂದು ಮನೆಯವರು ಹೇಳುತ್ತಾರೆ. ಸುಳ್ಳು. ಸಿಟ್ಟು ತರಿಸುವ ಸಾಮಾನುಗಳನ್ನು ಜನ ಬೇಗಬೇಗ ತಯಾರಿಸುತ್ತಿದ್ದಾರೆ, ಅಷ್ಟೆ. ಪುಣೆಯ ಪಕ್ಕದ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಡಿಗಳ ಬಿಡಿಭಾಗಗಳನ್ನು ತಪಾಸಣೆ ಮಾಡಿದವನು ನಾನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲನ್ನು ವಾಪಸು ಕಳಿಸಿದ ಕೈ ಇದು. ಅಂಥವನ ಮನೆಯಲ್ಲೇ ವೈಫೈ ಎಂಬುದು ಮನಸ್ಸಿದ್ದಾಗ ಬಂದು, ಮುನಿಸಿಕೊಂಡಾಗ ಎದ್ದು ಹೋಗುವ ಅಳಿಯನ ಹಾಗೆ ನಡೆದುಕೊಂಡರೆ ಸಿಟ್ಟು ಬಾರದೆ ಇನ್ನೇನು ಬರಬೇಕು?

ನನ್ನೊಬ್ಬನ ತಾಪತ್ರಯವಾಗಿದ್ದರೆ ಸಹಿಸುತ್ತಿದ್ದೆ. ನನ್ನ ಹೆಂಡತಿ ಶಾರದಾ ಪ್ರತಿ ಶನಿವಾರ ಬೆಳಿಗ್ಗೆ ಪುಣೆಯ ಕನ್ನಡಿಗರ ಮಕ್ಕಳಿಗೆ ವಿಡಿಯೊದಲ್ಲಿ ಕನ್ನಡ ಅಕ್ಷರ ಕಲಿಸುತ್ತಾಳೆ. ಹನ್ನೊಂದು ಮಕ್ಕಳು. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ. ಮನೆಯಲ್ಲಿ ಪಟಪಟ ಕನ್ನಡ ಮಾತಾಡಿದರೂ ಬರೆಯಲು ಬಾರದು. ಮದುವೆಯಾದ ಹೊಸದರಲ್ಲೇ ಟೀಚರಾಗಬೇಕೆಂದಿದ್ದ ಅವಳಿಗೆ ಐವತ್ತು ದಾಟಿದ ಮೇಲೆ ಸಿಕ್ಕ ತರಗತಿಯಿದು. ಆದರೆ 'ಅ' ಮುಗಿಸಿ 'ಆ' ಎನ್ನುವಷ್ಟರಲ್ಲಿ, ತೆರೆದ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಡುತ್ತಿದ್ದಳು. ಇಬ್ಬರು ತಾಯಂದಿರು ಆಗಲೇ ಬೇರೆ ಕಡೆ ನೋಡುತ್ತೇವೆಂದು ತಿಳಿಸಿದ್ದರು. "ರೀ, ಮುಂದಿನ ಶನಿವಾರನೂ ಹಿಂಗ ಆದ್ರ ಕ್ಲಾಸ್ ಬಂದ್ ಮಾಡ್ತೀನಿ. ನನಗ ಭಾಳ ನಾಚಿಕಿ ಆಗ್ತದ" ಎಂದಳು. ಅವಳು ಬೈದಿದ್ದರೆ ವಾದ ಮಾಡಬಹುದಿತ್ತು. ಮೆಲ್ಲಗೆ ಹೇಳಿದಳು.

ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಹಳೆಯ ರೂಟರಿನೊಳಗೆ ಹಲ್ಲಿ ಹೊಕ್ಕು, ತಾನೂ ಸತ್ತು ಅದನ್ನೂ ಸಾಯಿಸಿದ ಮೇಲೆ ಇಂಟರ್ನೆಟ್ ಕಂಪನಿಯವರು ಪುಕ್ಕಟೆಯಾಗಿ ಇನ್ನೊಂದು ಕೊಟ್ಟಿದ್ದರು. ಅದಕ್ಕೂ ಅದೇ ಗತಿಯಾಗಬಾರದು, ಎದುರಿಗೆ ಏಳುತ್ತಿರುವ ಕಟ್ಟಡದ ಸಿಮೆಂಟು ಧೂಳು ತಾಕಬಾರದೆಂದು ನಾನು ದಪ್ಪ ಉಕ್ಕಿನ ತಗಡಿನ ಪೆಟ್ಟಿಗೆ ಮಾಡಿಸಿದೆ. ಬಾಗಿಲು, ಬೀಗ, ತಿಳಿಬೂದು ಬಣ್ಣ, ತಂತಿ ಹಾಯುವಷ್ಟೇ ಒಂದು ತೂತು. ಹಲ್ಲಿಯಿರಲಿ, ಇರುವೆಗೂ ಪ್ರವೇಶವಿಲ್ಲ. ಇಷ್ಟು ರಾಜೋಪಚಾರ ಮಾಡಿದರೂ ಆ ಪುಕ್ಕಟೆ ಪ್ರಾಣಿ ಮೊದಲ ದಿನದಿಂದಲೇ ಕೈಕೊಟ್ಟಿತು. ಕಂಪನಿಗೆ ಫೋನು ಮಾಡಿ ಹಿಂದಿಯಲ್ಲಿ ಬೈದೆ, ಮರಾಠಿಯಲ್ಲಿ ಬೈದೆ. ಸಮಾಧಾನವಾಗದೆ ಕಡೆಗೆ ನಮ್ಮ ವಿಜಾಪುರದ ಕನ್ನಡದಲ್ಲೂ ಬೈದು ಇಟ್ಟೆ.

ಕೊನೆಗೆ ಹೊಸ ರೂಟರನ್ನೇ ಕೊಳ್ಳಲು ಅಂಗಡಿಗೆ ಹೋದೆ. "ಕಾಕಾ, ಡ್ಯುಅಲ್ ಬ್ಯಾಂಡ್ ಘ್ಯಾ", ಅದನ್ನೇ ತಗೊಳ್ಳಿ, ಎಂದ ಅಂಗಡಿಯವನು. ಅದರಲ್ಲಿ ಎರಡು ಬ್ಯಾಂಡುಗಳಂತೆ. ಒಂದು ದೂರ ಹೋಗುತ್ತದೆ, ಆದರೆ ನಿಧಾನ. ಇನ್ನೊಂದು ಬಲು ಚುರುಕು, ಆದರೆ ಗೋಡೆ ಅಡ್ಡ ಬಂದರೆ ಸುಸ್ತು. ಇದನ್ನು ಅವನು ಗುಣವೆಂಬಂತೆ ಹೇಳುತ್ತಿದ್ದ! ಬ್ರೇಕು ಚೆನ್ನಾಗಿ ಹಿಡಿಯುತ್ತದೆ, ಇಳಿಜಾರಿನಲ್ಲಿ ಮಾತ್ರ ಸ್ವಲ್ಪ ಕಷ್ಟ ಎಂದು ಯಾರಾದರೂ ಹೇಳಿದ್ದರೆ ನಾವು ಕಾರ್ಖಾನೆಯ ಗೇಟಿನೊಳಗೆ ಬಿಡುತ್ತಿದ್ದೆವೇ? ಡಬ್ಬಿಯ ಮೇಲಿನ ಅಂಕಿಗಳು ತಲೆಗೆ ಹತ್ತಲಿಲ್ಲ. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಒಂದೊಂದನ್ನೂ ಅಂಗೈ ಮೇಲಿಟ್ಟು ತೂಗಿದೆ. ಒಳಗೆ ಮಾಲಿದ್ದರೆ ಭಾರವಿರಲೇಬೇಕು. "ಕಾಕಾ, ಹೇ ಕಾಯ್ ಕಾಂದೇ ಆಹೇತ್ ಕಾ?" ಎಂದು, ಇವೇನು ಈರುಳ್ಳಿಯೇ ಎಂದು, ಅವನು ನಕ್ಕ. ನಾನು ಕಿವಿಗೆ ಹಾಕಿಕೊಳ್ಳದೆ ಎಲ್ಲಕ್ಕಿಂತ ಭಾರವಾದದ್ದನ್ನು ಆರಿಸಿದೆ. ಮೆರೆಯುವವನನ್ನು ಕಂಡರೆ ಅವನಿಗೇನು ಎರಡು ಕೊಂಬಿವೆಯೇ ಎಂದು ಕೇಳುತ್ತೇವಲ್ಲ, ಇದಕ್ಕೆ ಆಂಟೆನಾ ರೂಪದಲ್ಲಿ ನಾಲ್ಕಿದ್ದವು. ಮನೆಗೆ ತಂದು, ನಾಲ್ಕನ್ನೂ ಮಡಚಿ ಪೆಟ್ಟಿಗೆಯಲ್ಲಿ ಕೂರಿಸಿ ಬೀಗ ಹಾಕಿದೆ.

ಶನಿವಾರ ಬಂತು. ಶಾರದಾ ಇಳಕಲ್ ಸೀರೆ ಉಟ್ಟು ಕೋಣೆಯಲ್ಲಿ ಪಾಠಕ್ಕೆ ಕುಳಿತಳು. 'ಅ' ಆಯಿತು. 'ಆ' ಆಗಲಿಲ್ಲ. ಎರಡೇ ನಿಮಿಷಕ್ಕೆ ಎದುರು ಮನೆಯ ರಶ್ಮಿ ಬಂದಳು. ಮೈಸೂರಿನ ಹುಡುಗಿ, ಐಟಿ ಕಂಪನಿಯ ಕೆಲಸ. ಅವಳ ಮಗಳೂ ಶಾರದೆಯ ವಿದ್ಯಾರ್ಥಿನಿ. "ಅಂಕಲ್, ಆಂಟಿ ಮತ್ತೆ ಫ್ರೀಜ್ ಆಗ್ಬಿಟ್ರು" ಎಂದಳು. ನಾನು ಕಂಪನಿ, ಅಂಗಡಿ, ಎರಡೂ ಬ್ಯಾಂಡುಗಳ ಜಾತಕ ಜಾಲಾಡಿದೆ. ಅವಳು ಪೂರ್ತಿ ಕೇಳಿ, "ಅದೆಲ್ಲಾ ಸರಿ ಅಂಕಲ್, ರೂಟರ್ ಎಲ್ಲಿದೆ?" ಎಂದಳು. ಇಂಥ ಪ್ರಶ್ನೆಗೇ ಕಾಯುತ್ತಿದ್ದವನಂತೆ ಮೊಳೆಯಿಂದ ಕೀಲಿಕೈ ತೆಗೆದು, ಬೀಗ ತೆರೆದು, ಪೆಟ್ಟಿಗೆಯ ಬಾಗಿಲನ್ನು ಹೆಮ್ಮೆಯಿಂದ ಸರಿಸಿದೆ.

ಕೋಣೆಯೊಳಗಿಂದ ಹನ್ನೊಂದು ಮಕ್ಕಳ ದನಿ ಒಮ್ಮೆಲೇ ಕೇಳಿತು: "ಟೀಚರ್ ಬಂದ್ರು!"

ರಶ್ಮಿ ಪೆಟ್ಟಿಗೆಯನ್ನು ಬೆರಳಿನಿಂದ ಟಣ್ಣೆಂದು ತಟ್ಟಿದಳು. "ಅಂಕಲ್, ಇಷ್ಟು ದಪ್ಪ ಸ್ಟೀಲ್ ಒಳಗಿಂದ ಸಿಗ್ನಲ್ ಹೇಗೆ ಆಚೆ ಬರತ್ತೆ?" ನಾಚಿಕೆಯಿಂದ ಬಾಗಿಲು ಮುಚ್ಚಹೋದೆ. 'ಆ' ಮತ್ತೆ ಅರ್ಧಕ್ಕೇ ನಿಂತಿತು. "ಏನ್ ಮಾಡಿದ್ರಿ? ಆಗ ಹೆಂಗಿತ್ತೋ ಹಂಗ ಬಿಡ್ರಿ!" ಎಂದು ಶಾರದಾ ಒಳಗಿಂದ ಕೂಗಿದಳು. ಆ ಬಾಗಿಲಿಗೋ, ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗು. ಅದನ್ನೂ ಹಾಕಿಸಿದವನು ನಾನೇ. ಹೀಗಾಗಿ ತರಗತಿ ಮುಗಿಯುವವರೆಗೆ ದೇವಸ್ಥಾನದ ದ್ವಾರಪಾಲಕನಂತೆ ಬಾಗಿಲು ಹಿಡಿದು ನಿಂತೆ. ಅಂದು ಮಕ್ಕಳು 'ಈ'ವರೆಗೆ ಕಲಿತರು.

ಈಗ ರೂಟರು ಕಪಾಟಿನ ಮೇಲೆ ಕೊಂಬೆತ್ತಿ ಕುಳಿತಿದೆ. ಬೇರೆ ಕಡೆ ನೋಡುತ್ತೇವೆಂದಿದ್ದ ತಾಯಂದಿರು ಸುಮ್ಮನಾಗಿದ್ದಾರೆ. ಪೆಟ್ಟಿಗೆಯನ್ನು ಗುಜರಿಗೆ ಹಾಕೋಣವೆಂದರೆ ಶಾರದಾ ಒಪ್ಪಲಿಲ್ಲ. ಪಾಠದ ಹೊತ್ತಿನಲ್ಲಿ ನಾನು ಯಾರ್ಯಾರಿಗೋ ಫೋನಿನಲ್ಲಿ ಕೂಗಾಡುವುದು ಮಕ್ಕಳಿಗೆ ಕೇಳಿಸುತ್ತದಂತೆ. ಅದಕ್ಕೆ ಶನಿವಾರ ಬೆಳಿಗ್ಗೆ ನನ್ನ ಮೊಬೈಲನ್ನು ಅದರಲ್ಲಿಟ್ಟು, ಬೀಗ ಹಾಕಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಇದುವರೆಗೆ ಒಂದೇ ಒಂದು ಕರೆಯೂ ಒಳಗೆ ಹೊಕ್ಕಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಪಾಸು ಮಾಡಿದ ಮಾಲುಗಳಲ್ಲಿ ಇಷ್ಟು ನಿರ್ದೋಷವಾದದ್ದು ಇನ್ನೊಂದಿಲ್ಲ.